ಕಾಮೆಟ್ ಮೋಟೆಲಿನ ಕಾಕು

“ಬರಿಯವಾ, ಬ್ಯಾಡ ಅನ್ನೂದಿಲ್ಲ. ಆದ್ರ ನನ್ನ ಹೆಸರು ಹಾಕಬ್ಯಾಡ. ಬೋರ್ಡಿನ ಹೆಸರು ಹಾಕು. ನೋಡಾಕ ನನಗಿಂತ ಅದ ಚಲೋ ಐತಿ.”

ಹೀಗೆ ಅಪ್ಪಣೆಯಾಗಿರುವುದರಿಂದ ಈ ಬರಹದಲ್ಲಿ ಅವರು ಬರೀ ಕಾಕು. ನೆಂಟರಿಷ್ಟರಿಗೆ ಅವರು ಬೆನ್, ಅಂದರೆ ಅಕ್ಕ, ರೂಮು ಗುಡಿಸಲು ಬರುತ್ತಿದ್ದ ಮೆಕ್ಸಿಕೋ ಹೆಂಗಸರಿಗೆ ಸೆನ್ಯೋರಾ, ಟ್ರಕ್ಕಿನವರಿಗೆ ಮ್ಯಾಮ್. ಕಾಕು ಎಂದು ಕರೆದವಳು ಬಹುಶಃ ಈ ದೇಶದಲ್ಲಿ ನಾನೊಬ್ಬಳೇ. ಚಿಕ್ಕಮ್ಮನಿಗೆ ಹುಬ್ಬಳ್ಳಿ ಕಡೆಯವರು ಹೇಳುವ ಆ ಪದ ಮೈಸೂರಿನವಳಾದ ನನ್ನ ಬಾಯಿಗೆ ತಾನಾಗಿ ಬಂದದ್ದಲ್ಲ, ಅವರೇ ಕಲಿಸಿದ್ದು. “ಆಂಟಿ ಅನಬ್ಯಾಡ. ಬಸ್ಸಿನ್ಯಾಗ ಸೀಟು ಬಿಡಸಾಕ ಕರದಂಗ ಆಕ್ಕತಿ” ಎಂದಿದ್ದರು.

ನಾವು ಕ್ಯಾಂಪ್‌ಬೆಲ್‌ನಲ್ಲಿ ಬಾಡಿಗೆಗಿದ್ದ ಅಪಾರ್ಟ್‌ಮೆಂಟಿನಲ್ಲಿ ಒಂದು ಚಳಿಗಾಲ ಮೇಲಿನ ಮನೆಯ ಪೈಪು ಒಡೆದು, ನಮ್ಮ ಹಾಲಿನ ಕಾರ್ಪೆಟ್ಟು ಕೆರೆಯಾಯಿತು. ರಿಪೇರಿ ಮುಗಿಯುವವರೆಗೆ ಇರಲು ಇನ್ಶೂರೆನ್ಸಿನವರು ತೋರಿಸಿದ ಜಾಗ ಕಾಮೆಟ್ ಮೋಟೆಲ್. ಸ್ಯಾನ್ ಹೋಸೆಯ ದಕ್ಷಿಣಕ್ಕೆ, ಫ್ರೀವೇ ಹುಟ್ಟುವ ಮೊದಲು ಎಲ್ಲರೂ ಓಡಾಡುತ್ತಿದ್ದ ಹಳೆಯ ಹೆದ್ದಾರಿಯ ಬದಿಯಲ್ಲಿತ್ತು. ಮಳೆಯಲ್ಲಿ ನೆನೆದ ಚೀಲಗಳ ಜೊತೆ ನಾನು ರಿಸೆಪ್ಷನ್ನಿನಲ್ಲಿ ನಿಂತಿದ್ದೆ. ನನ್ನ ಗಂಡ ರಘು ಹೊರಗೆ ಕಾರಿನಿಂದ ಉಳಿದ ಸಾಮಾನು ಇಳಿಸುತ್ತಿದ್ದ. ನಾಲ್ಕು ವರ್ಷದ ಮಗಳು ಅನಘ ಗೋಡೆಯ ಸ್ಟ್ಯಾಂಡಿನಿಂದ ಪ್ರವಾಸದ ಕರಪತ್ರಗಳನ್ನು ಒಂದೊಂದಾಗಿ ಎಳೆದು ನೆಲಕ್ಕೆ ಹಾಸುತ್ತಿದ್ದಳು.

“ಸುಮ್ನೆ ನಿಂತ್ಕೋತೀಯಾ, ಇಲ್ಲ ಬೀಳತ್ತೆ ಈಗ ಒಂದು!” ಎಂದೆ.

“ಹೊಡಿಬ್ಯಾಡ್ರಿ ಕೂಸಿಗೆ. ಮಳಿಯಾಗ ತೊಯ್ಸಿಕೊಂಡು ಬಂದೈತಿ.”

ನಾನು ಸುತ್ತಲೂ ನೋಡಿದೆ. ಕೌಂಟರಿನ ಹಿಂದೆ ಗುಜರಾತಿ ಶೈಲಿಯಲ್ಲಿ ಸೆರಗನ್ನು ಮುಂದಕ್ಕೆ ಹೊದ್ದು, ಮೇಲೊಂದು ನೇರಳೆ ಸ್ವೆಟರು ತೊಟ್ಟ ಹಿರಿಯ ಹೆಂಗಸೊಬ್ಬರು ಕುಳಿತು ನಮ್ಮ ರೂಮಿನ ಬೀಗದ ಕೈ ಹುಡುಕುತ್ತಿದ್ದರು. ಮಾತಾಡಿದ್ದು ಅವರೇ.

“ನೀವು ಕನ್ನಡದವರಾ?”

“ಅಲ್ರಿ, ನಾವು ಗುಜರಾತಿ ಮಂದಿ. ಆದ್ರ ಹುಬ್ಬಳ್ಳಿಯವ್ರು. ನಮ್ಮಪ್ಪಂದು ಅಲ್ಲಿ ಸಾಮಿಲ್ಲು ಇತ್ತು. ಹತ್ತನೇತ್ತಾ ಮಟಾ ಕನ್ನಡ ಸಾಲಿ ನಂದು.” ಕೀಲಿ ಸಿಕ್ಕಿತು. “ರೂಮಿಗೆ ಆಮ್ಯಾಲೆ ಹೋಗ್ರಿ. ಮೊದಲ ಹೊರಗ ಬರ್ರಿ, ಹೊತ್ತಾತು.”

ಯಾವುದಕ್ಕೆ ಹೊತ್ತಾಯಿತು ಎಂದು ತಿಳಿಯದೆ ಅವರ ಹಿಂದೆ ಹೋಗಿ ಸೂರಿನ ಕೆಳಗೆ ನಿಂತೆವು. ಅವರು ಗೋಡೆಯ ಒಂದು ಸ್ವಿಚ್ಚು ಒತ್ತಿದರು. ತಲೆಯ ಮೇಲೆ ಏನೋ ಗುಂಯ್‌ಗುಟ್ಟಿತು. ಮೋಟೆಲಿನ ಬೋರ್ಡು ಹೊತ್ತ ಕಂಬದ ತುದಿಯಲ್ಲಿ ಕಿತ್ತಳೆ ಬಣ್ಣದ ಒಂದು ಉಂಡೆ ಕಣ್ಣು ಬಿಟ್ಟಿತು, ಅದರ ಹಿಂದೆ ಗುಲಾಬಿ ಬಾಲ, ಅದರ ಹಿಂದೆ ನೀಲಿ ಬಾಲ, ಕೊನೆಗೆ ಬಿಳಿ ಕಿಡಿಗಳು. ಒಂದು ಕ್ಷಣ ಎಲ್ಲವೂ ಆರಿ, ಮತ್ತೆ ಮೊದಲಿನಿಂದ. ಮಳೆಯಲ್ಲಿ ತೊಯ್ದ ರಸ್ತೆಯೂ ಅದೇ ಬಣ್ಣ, ನಮ್ಮ ಕಾರಿನ ಬಾನೆಟ್ಟೂ ಅದೇ ಬಣ್ಣ.

“ಅಮ್ಮಾ, ಲುಕ್! ಸ್ಟಾರ್ ಈಸ್ ರನ್ನಿಂಗ್!” ಎಂದಳು ಅನಘ.

ಕಾಕು ನನ್ನತ್ತ ತಿರುಗಿ, ತಾವೇ ಹೆತ್ತ ಮಗುವನ್ನು ತೋರಿಸುವವರಂತೆ ನಕ್ಕರು.

ಆ ಕಟ್ಟಡದ ಬಗ್ಗೆ ಎರಡು ಮಾತು ಹೇಳಲೇಬೇಕು. ಈ ದೇಶದವರು ಆಗಷ್ಟೇ ರಾಕೆಟ್ಟು, ಉಪಗ್ರಹಗಳ ಹುಚ್ಚು ಹಿಡಿಸಿಕೊಂಡಿದ್ದ ಕಾಲದಲ್ಲಿ ಕಟ್ಟಿದ್ದು. ರಿಸೆಪ್ಷನ್ನಿನ ಛಾವಣಿ ಇನ್ನೇನು ಹಾರುತ್ತೇನೆ ಎಂದು ಒಂದು ಕಡೆ ರೆಕ್ಕೆ ಎತ್ತಿತ್ತು. ಮುಂಭಾಗದ ಗಾಜು ನೆಟ್ಟಗೆ ನಿಲ್ಲದೆ ರಸ್ತೆಯ ಕಡೆಗೆ ವಾಲಿತ್ತು. ಈಜುಕೊಳ ಗೋಡಂಬಿಯ ಆಕಾರದಲ್ಲಿತ್ತು. ಅಲ್ಲಿ ನೇರವಾದ ಗೆರೆ ಎಂದರೆ ಕಾಕುವಿನ ಬೈತಲೆ ಮಾತ್ರ ಎಂದು ರಘು ತಮಾಷೆ ಮಾಡುತ್ತಿದ್ದ. ರೂಮುಗಳು ಸಾಧಾರಣ, ಹೀಟರು ಕೆಮ್ಮುತ್ತಿತ್ತು, ಬಾತ್‌ರೂಮಿನ ನಲ್ಲಿಗಳು ಸೋರುತ್ತಿದ್ದವು. ಆದರೆ ಹೊರಗಿನಿಂದ ನೋಡಿದರೆ ಇಡೀ ಮೋಟೆಲು ಎಲ್ಲಿಗೋ ಹೊರಟು ನಿಂತಂತಿತ್ತು.

ಅವರಿಗೆ ಅದು ದಕ್ಕಿದ ಕಥೆಯನ್ನು ಮಂಡಕ್ಕಿಯ ಗಿರ್ಮಿಟ್ ಕಲಸುತ್ತಾ ಹೇಳಿದ್ದರು. ಮದುವೆಯಾಗಿ ಬಂದ ಹೊಸತರಲ್ಲಿ ಗಂಡ ಹೆಂಡತಿ ಮೂರು ಮೋಟೆಲು ನೋಡಿದರಂತೆ. ಮಿಕ್ಕ ಎರಡರಲ್ಲಿ ರೂಮು ಹೆಚ್ಚು, ಗಿರಾಕಿಯೂ ಹೆಚ್ಚು. ಇದನ್ನು ನೋಡಲು ಬಂದಾಗ ಸಂಜೆಯಾಗಿತ್ತು. ಬಾಲ ಓಡಿದ್ದನ್ನು ನೋಡಿದ ಇವರು ಕಾರಿನಿಂದ ಇಳಿಯುವ ಮೊದಲೇ “ಇದ ಇರಲಿ” ಎಂದುಬಿಟ್ಟರು. ಗಂಡನ ಚಿಕ್ಕಪ್ಪ ಹೌಹಾರಿದರಂತೆ. ಕಾಮೆಟ್ ಎಂದರೆ ಧೂಮಕೇತು, ಅಪಶಕುನ, ಬಾಗಿಲ ಮುಂದೆ ಯಾರಾದರೂ ಕಟ್ಟಿಕೊಳ್ಳುತ್ತಾರೆಯೇ, ಹೆಸರು ಬದಲಾಯಿಸಿ ದೇವರ ಹೆಸರಿಡಿ ಎಂದು.

“ಅವ್ರಿಗೆ ನಾ ಏನಂದೆ ಗೊತ್ತೈತೇನು? ಕಾಕಾ, ಧೂಮಕೇತು ಅಂದ್ರ ಬರ್ತೈತಿ, ನಾಕು ದಿನ ಇರ್ತೈತಿ, ಹೊಕ್ಕೈತಿ. ಗಿರಾಕಿನೂ ಹಂಗ. ಲಾಜಿಗೆ ಇದಕ್ಕಿಂತ ಚಲೋ ಹೆಸರು ಯಾವುದೈತಿ ಹೇಳ್ರಿ ಅಂದೆ. ಮಗ್ಗಲಕ್ಕ ನಮ್ಮನಿಯವ್ರು ನಗು ತಡಕೊಳ್ಳಾಕ ಆಗದ ಹೊರಗ ಹೋಗಿಬಿಟ್ರು.”

ಗಂಡ ತೀರಿಕೊಂಡು ಆಗಲೇ ಕೆಲವು ವರ್ಷಗಳಾಗಿದ್ದವು. ಅವರನ್ನು ನೆನೆದಾಗಲೂ ಕಾಕುವಿನ ಮಾತು ಹೀಗೆ ನಗೆಯಲ್ಲೇ ಮುಗಿಯುತ್ತಿತ್ತು.

ಬೋರ್ಡಿನ ಕೆಳಗೆ ‘ನೋ ವೇಕೆನ್ಸಿ’ ಎಂಬ ಸಣ್ಣ ನಿಯಾನ್ ಅಕ್ಷರಗಳಿದ್ದವು. ‘ನೋ’ಗೆ ಬೇರೆ ಸ್ವಿಚ್ಚು. ರೂಮು ತುಂಬಿದ ದಿನ ಅದನ್ನು ಹಾಕಬೇಕು. ಕಾಕು ಅದನ್ನು ಹಾಕಿದ್ದನ್ನು ಯಾರೂ ಕಂಡಿಲ್ಲ. “ಬಾಗಲಾಗ ‘ಇಲ್ಲ’ ಅಂತ ಬರಕೊಂಡು ಕುಂದರೂದು ಒಳ್ಳೇದಲ್ಲ” ಎನ್ನುತ್ತಿದ್ದರು. ಸದಾ ಒಂದು ರೂಮು ಖಾಲಿ ಇಟ್ಟಿರುತ್ತಿದ್ದರು. ಬೆಟ್ಟದ ಕಡೆ ಕಾಡಿಗೆ ಬೆಂಕಿ ಬಿದ್ದು ಜನ ಮನೆ ಬಿಟ್ಟು ಕೆಳಗಿಳಿದು ಬಂದ ವರ್ಷ ಆ ರೂಮೂ ತುಂಬಿತು. ಆಗ ಲಾಬಿಯಲ್ಲಿ ಮಡಚುವ ಮಂಚಗಳು ಬಂದವು. ಒಂದು ಮುದಿ ನಾಯಿ, ಎರಡು ಆಡು, ಪಂಜರದ ಗಿಳಿಯೊಂದು ಸಹ ಬಂದವು. ನಾವು ಆ ಹೊತ್ತಿಗೆ ನಮ್ಮ ಮನೆಗೆ ವಾಪಸಾಗಿ ಬಹಳ ಕಾಲವಾಗಿದ್ದರೂ, ನಾನು ಒಂದು ಪಾತ್ರೆ ಉಪ್ಪಿಟ್ಟು ಮಾಡಿಕೊಂಡು ಹೋದೆ. ಕಾಕು ಆಡುಗಳಿಗೆ ಬ್ರೆಡ್ಡು ತಿನ್ನಿಸುತ್ತಿದ್ದರು. “ಇವರು ಚೆಕ್ಔಟ್ ಯಾವಾಗೋ ಏನೋ” ಎಂದರು.

ಅವರ ಜೊತೆ ಕಾರಿನಲ್ಲಿ ಹೋಗುವುದು ಒಂದು ಪ್ರತ್ಯೇಕ ಅನುಭವ. ಫ್ರೀವೇ ಎಂದರೆ ಅವರಿಗೆ ಆಗುತ್ತಿರಲಿಲ್ಲ. “ಏನ್ ಕಾಣತೈತಿ ಅಲ್ಲಿ? ಬರೀ ಗ್ವಾಡಿ” ಎಂದು ಹಳೆಯ ರಸ್ತೆಗಳಲ್ಲೇ ಹೋಗುತ್ತಿದ್ದರು. ಭಾನುವಾರ ಹೊತ್ತು ಮುಳುಗುವ ಸಮಯಕ್ಕೆ ನಮ್ಮನ್ನೆಲ್ಲ ತಮ್ಮ ಹಳೆಯ ದೊಡ್ಡ ಕಾರಿನಲ್ಲಿ ತುಂಬಿಕೊಂಡು ‘ಲೈಟ್ ನೋಡಾಕ’ ಹೊರಡುತ್ತಿದ್ದರು. ಊರಿನಲ್ಲಿ ದೇವಸ್ಥಾನ ಸುತ್ತುವವರ ಹಾಗೆ ಅದಕ್ಕೊಂದು ಕ್ರಮವಿತ್ತು. ಮೊದಲು ಬೌಲಿಂಗ್ ಆಟದ ಕಟ್ಟಡ. ಅದರ ಮೇಲೆ ನಿಯಾನ್ ಚೆಂಡು ಉರುಳಿ ಗೂಟಗಳನ್ನು ಬೀಳಿಸುತ್ತಿತ್ತು. ಆಮೇಲೆ ಮೂರು ರೆಕ್ಕೆಯ ಗೋಪುರವಿದ್ದ ಕಾರ್ ವಾಷ್. ಅದರಾಚೆ ಹಾರುವ ತಟ್ಟೆಯಂತೆ ಗುಂಡಗಿದ್ದ, ಹಿಂದೊಮ್ಮೆ ಬ್ಯಾಂಕಾಗಿದ್ದ, ಈಗ ಹಾಸಿಗೆ ಮಾರುವ ಅಂಗಡಿ. ಕೊನೆಗೆ ಸ್ಟೇಕ್ ಹೌಸ್ ಎಂಬ ಮಾಂಸದ ಹೋಟೆಲೊಂದರ ನೆತ್ತಿಯಲ್ಲಿ ಕೆಂಪು ಕೊಳವೆಗಳಲ್ಲಿ ಬರೆದ ಹೋರಿ. ಅಲ್ಲಿ ಅವರು ಕಾರು ನಿಧಾನಿಸಿ ಒಂದು ಕೈ ಎತ್ತಿ ಎದೆಗೆ ಮುಟ್ಟಿಸಿಕೊಳ್ಳುತ್ತಿದ್ದರು.

“ನಂದಿ ನೋಡ್ರಿ, ಎಷ್ಟ ಚಂದ ಮಾಡ್ಯಾರ. ಒಳಗ ಏನ್ ಬೇಯಸ್ತಾರ ಅಂತ ಕೇಳಬ್ಯಾಡ್ರಿ. ಹೊರಗಿಂದಷ್ಟ ನಮಗ.”

ರಘು ಕಂಪ್ಯೂಟರ್ ಚಿಪ್ಪು ಕಂಪನಿಯಲ್ಲಿ ಕೆಲಸ ಮಾಡುವವನು. ಒಮ್ಮೆ ಸುಮ್ಮನಿರಲಾರದೆ, “ಕಾಕು, ನಿಯಾನು ಮೇಂಟೇನ್ ಮಾಡೋದು ಕಷ್ಟ. ಎಲ್ಇಡಿ ಹಾಕಿಸಿಬಿಡಿ. ಸೇಮ್ ಲುಕ್ ಬರತ್ತೆ, ಕರೆಂಟೂ ಉಳಿಯತ್ತೆ” ಎಂದ.

“ಸೇಮ್ ಬರೂದಿಲ್ಲಪ್ಪಾ. ಅದು ಮಾರಿಗೆ ಬಂದು ಬಡಿತೈತಿ. ಇದು ಹಾಲಾಗ ಸಕ್ಕರಿ ಕರಗಿದಂಗ ಗಾಳಿಯಾಗ ಕರಗತೈತಿ” ಎಂದವರು, ಅವನ ಮುಖ ನೋಡಿ, “ನೀ ಮಾಡೂ ಚಿಪ್ಪಿಗೆ ನಾ ಏನರ ಅಂದೇನೇನು?” ಎಂದು ಸೇರಿಸಿದರು.

ಇವರಿಗೆ ಈ ಬೆಳಕಿನ ಹುಚ್ಚು ಎಲ್ಲಿಂದ ಹತ್ತಿತು ಎಂದು ಕೇಳಿದ್ದೆ. ಚಿಕ್ಕಂದಿನಲ್ಲಿ ಸಾಮಿಲ್ಲಿನ ಹಿಂದಿನ ಮನೆಯ ಮಾಳಿಗೆಯಿಂದ ದೂರದ ಟಾಕೀಸೊಂದರ ಮೇಲಿನ ಕೆಂಪು ನವಿಲು ಕಾಣುತ್ತಿತ್ತಂತೆ. ಸಿನಿಮಾಕ್ಕೆ ಹೋಗಲು ಮನೆಯಲ್ಲಿ ಬಿಡುತ್ತಿರಲಿಲ್ಲ. “ನವಿಲು ನೋಡಾಕ ಟಿಕೀಟ್ ಬೇಕಾಗಿರಲಿಲ್ಲ” ಎಂದರು. ಅಷ್ಟೇ ಹೇಳಿ ಎದ್ದು ಹೋಗಿ ಟವೆಲು ಮಡಚತೊಡಗಿದರು.

ಮೊಣಕಾಲು ಸೋತಾಗ ಕಾಕು ತಾವಾಗಿಯೇ ಮೋಟೆಲು ಮಾರುವ ನಿರ್ಧಾರ ಮಾಡಿದರು. ಯಾರೂ ಒತ್ತಾಯ ಮಾಡಲಿಲ್ಲ. ಕಾರಿನಲ್ಲಿ ಒಂದು ಗಂಟೆ ದೂರದ ಡಬ್ಲಿನ್‌ನಲ್ಲಿ ಮಗ ಸೊಸೆಯ ದೊಡ್ಡ ಮನೆಯಿತ್ತು. ಕೆಳಗಿನ ರೂಮನ್ನು ಅವರಿಗೆಂದೇ ಸಜ್ಜು ಮಾಡಿದ್ದರು. ಕೊಂಡ ಬಿಲ್ಡರು ಕಟ್ಟಡ ಕೆಡವಿ ಅಪಾರ್ಟ್‌ಮೆಂಟು ಕಟ್ಟುವವನು. ಕೆಡವಲಿ ಎಂದರು ಕಾಕು. ಆದರೆ ಬೋರ್ಡು ಮಾತ್ರ ಉಳಿಯಬೇಕು ಎಂದಾಗ ಗಂಟು ಬಿತ್ತು. ಈಗಿನ ನಿಯಮಕ್ಕೆ ಅದು ತೀರಾ ದೊಡ್ಡದು. ಒಮ್ಮೆ ಇಳಿಸಿದರೆ ಮತ್ತೆ ಏರಿಸಲು ಊರಿನ ಯೋಜನಾ ಸಮಿತಿ ಒಪ್ಪಬೇಕು. ಅಷ್ಟು ತಾಪತ್ರಯ ಏಕೆ, ಅದರ ನೆನಪಿಗೆ ಬಾಗಿಲ ಬಳಿ ಎಲ್ಇಡಿಯ ಪುಟ್ಟ ಕಾಮೆಟ್ ಇಡುತ್ತೇವೆ ಎಂದು ಬಿಲ್ಡರಿನ ಆರ್ಕಿಟೆಕ್ಟ್ ಚಿತ್ರ ಬರೆದು ತಂದಳು. ಎಮಿಲಿ ಎಂಬ ಚಿಕ್ಕ ವಯಸ್ಸಿನ ಹುಡುಗಿ. ಆ ದಿನ ನಾನೂ ಅಲ್ಲಿದ್ದೆ.

ಕಾಕು ಚಿತ್ರವನ್ನು ನೋಡಿ, “ವೆರಿ ನೈಸ್” ಎಂದು ಪಕ್ಕಕ್ಕಿಟ್ಟರು. ಎಮಿಲಿಯ ಕೈಗೆ ಮಸಾಲೆ ಚಹಾ ಕೊಟ್ಟು, ಈಜುಕೊಳದ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. ಎಮಿಲಿ ಏನೋ ಹೇಳಲು ಹೊರಟಾಗಲೆಲ್ಲ “ವೇಟ್, ವೇಟ್” ಎನ್ನುತ್ತಿದ್ದರು. ಆಕಾಶ ಹೊಂಬಣ್ಣದಿಂದ ನೇರಳೆಗೆ ತಿರುಗಿದಾಗ ಎದ್ದು ಹೋಗಿ ಸ್ವಿಚ್ಚು ಒತ್ತಿದರು. ಕೊಳದ ನೀರಿನಲ್ಲಿ ಒಂದು, ಮೇಲೊಂದು, ಎರಡು ಧೂಮಕೇತುಗಳು ಒಟ್ಟಿಗೆ ಓಡಿದವು. ಎಮಿಲಿ ಚಹಾದ ಕಪ್ಪನ್ನು ಕೆಳಗಿಟ್ಟು, ಕಂಬದ ಬುಡಕ್ಕೆ ಹೋಗಿ ಕತ್ತೆತ್ತಿ ನೋಡಿದಳು. ಆಮೇಲೆ ತಾನು ತಂದ ಹಾಳೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು, “ಐ ಹ್ಯಾವ್ ಟು ಡ್ರಾ ದಿಸ್ ಅಗೇನ್” ಎಂದಳು.

ಆಕೆ ಹೊಸದಾಗಿ ಬರೆದಳು, ಬಿಲ್ಡರನ್ನೂ ಒಪ್ಪಿಸಿದಳು. ಉಳಿದದ್ದು ಸಮಿತಿಯ ಸಭೆ.

ಸಭೆಯ ದಿನ ಕಾಕು ರೇಷ್ಮೆ ಸೀರೆ ಉಟ್ಟು ಬಂದಿದ್ದರು. ಕಾಲಲ್ಲಿ ಮಾತ್ರ ಎಂದಿನ ಸ್ಪೋರ್ಟ್ಸ್ ಶೂ. ಒಬ್ಬೊಬ್ಬರಿಗೆ ಎರಡೇ ನಿಮಿಷ ಮಾತಾಡಲು ಅವಕಾಶ. ಮೈಕಿನ ಬಳಿ ಹಸಿರು, ಹಳದಿ, ಕೆಂಪು ಲೈಟುಗಳಿದ್ದವು. “ಇಲ್ಲೂ ಲೈಟು ಇಟ್ಟಾರಲ್ಲೇ!” ಎಂದು ನನ್ನ ಕಿವಿಯಲ್ಲಿ ಹೇಳಿ ಖುಷಿಪಟ್ಟರು. ಆದರೆ ಮೈಕಿನ ಮುಂದೆ ನಿಂತು, ಹೆಸರು ಹೇಳಿ, “ಐ ಆಮ್ ಓನರ್ ಆಫ್ ಕಾಮೆಟ್ ಮೋಟೆಲ್” ಎಂದವರು ಅಲ್ಲಿಗೇ ನಿಂತುಬಿಟ್ಟರು. ಹಸಿರು ಹೋಗಿ ಹಳದಿ ಬಂತು. ಮುಂದಿನ ಸಾಲಿನಲ್ಲಿದ್ದ ಮಗ ಸಣ್ಣ ದನಿಯಲ್ಲಿ ಗುಜರಾತಿಯಲ್ಲಿ ಏನೋ ಎತ್ತಿಕೊಟ್ಟ. ಅದೂ ಹತ್ತಲಿಲ್ಲ. ಅವರು ತಿರುಗಿ ಸಭೆಯಲ್ಲಿ ನನ್ನನ್ನು ಹುಡುಕಿದರು.

“ಬಾರವಾ ಇಲ್ಲೆ! ನನ್ನ ಇಂಗ್ಲಿಷ್ ಓಡಿ ಹೋತು.”

ನಾನು ಹೋಗಿ ಪಕ್ಕದಲ್ಲಿ ನಿಂತೆ. ಅನುವಾದ ಬೇಕಾದವರಿಗೆ ಎರಡರಷ್ಟು ಸಮಯ ಕೊಡುತ್ತೇವೆ ಎಂದರು ಅಧ್ಯಕ್ಷೆ. ಅದನ್ನು ಹೇಳಿದೆ.

“ಹೌದ? ಮೊದಲ ಗೊತ್ತಿದ್ರ ಕನ್ನಡದಾಗ ಶುರು ಮಾಡ್ತಿದ್ನಲ್ಲ!” ಎಂದರು. ಅದನ್ನೂ ಅನುವಾದ ಮಾಡಬೇಕೋ ಬೇಡವೋ ತಿಳಿಯದೆ ಮಾಡಿಬಿಟ್ಟೆ. ಸಭೆ ನಕ್ಕಿತು. ನಗು ಕೇಳಿ ಅವರು ಮೈಕನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು.

“ಇದನ್ನ ಮಾಡಿದಾಗ ಇನ್ನೂ ಯಾರೂ ಚಂದ್ರನ ಮ್ಯಾಲೆ ಕಾಲಿಟ್ಟಿರಲಿಲ್ಲ. ಇಡ್ತೀವಿ ಅಂತ ಖಾತ್ರಿನೂ ಇರಲಿಲ್ಲ. ಆದ್ರೂ ರಸ್ತೆ ಬಾಜೂಕಿನ ಒಂದು ಸಣ್ಣ ಲಾಜಿಗೆ ಇಷ್ಟುದ್ದ ಬಾಲ ಕಟ್ಟಿದ್ರು. ನಾಳೆ ಅಂಬೂದು ಚಲೋನ ಇರ್ತೈತಿ ಅಂತ ನಂಬಿದ್ರು. ಅದಕ್ಕ ಆ ಛಾವಣಿ ಹಂಗ ಹಾರಾಕ ನಿಂತೈತಿ. ನಾ ಇಲ್ಲಿಗೆ ಬಂದಾಗ ನನಗ ಭಾಷಾ ಬರ್ತಿರಲಿಲ್ಲ. ಯಾರ ಗುರ್ತೂ ಇರಲಿಲ್ಲ. ಸಂಜೀಕ ಇದು ಹತ್ತಿದ ಕೂಡಲೇ, ಯಾರೋ ನನ್ನ ‘ಬಾ’ ಅಂದಂಗ ಆಕ್ಕಿತ್ತು. ಮೋಟೆಲ್ ಕೆಡವ್ರಿ. ಅದಕ್ಕ ವಯಸ್ಸಾತು, ನಲ್ಲಿ ಸೋರತಾವು. ಮಂದಿಗೆ ಮನಿ ಬೇಕಾಗ್ಯಾವು, ಕಟ್ರಿ. ಆದ್ರ ಹೊಸ ಮನಿಗೆ ಬರವ್ರಿಗೂ ಯಾರರ ‘ಬಾ’ ಅನ್ನಬೇಕಲ್ರಿ?”

ಕೊನೆಯ ವಾಕ್ಯವನ್ನು ಇಂಗ್ಲಿಷಿಗೆ ತರುವ ಹೊತ್ತಿಗೆ ಸರಿಯಾಗಿ ಕೆಂಪು ಲೈಟು ಹತ್ತಿಕೊಂಡಿತು. ಸಮಿತಿಯ ಒಬ್ಬ ಮುದುಕ ಸದಸ್ಯ ಕನ್ನಡಕ ತೆಗೆದು, “ಆ ಬಾಲ ಇನ್ನೂ ಓಡತ್ತಾ?” ಎಂದು ಕೇಳಿದ. ತಾನು ಚಿಕ್ಕವನಿದ್ದಾಗ ಅಪ್ಪನ ಕಾರಿನ ಹಿಂದಿನ ಸೀಟಿನಿಂದ ನೋಡುತ್ತಿದ್ದನಂತೆ. ಕಾಕು ಇಂಗ್ಲಿಷಿನಲ್ಲೇ ಉತ್ತರ ಕೊಟ್ಟರು: “ಎವ್ರಿ ಡೇ, ಸರ್. ಯೂ ಕಮ್.”

ಸಮಿತಿ ಒಪ್ಪಿತು. ಹೊರಗೆ ಬಂದಾಗ ಮಗ ಮೆಟ್ಟಿಲ ಬಳಿ ನಮಗಾಗಿ ಕಾಯುತ್ತಿದ್ದ. ಅವನಿಗೆ ಕನ್ನಡ ಬಾರದು. ಅಮ್ಮ ಅಷ್ಟು ಹೊತ್ತು ಕನ್ನಡದಲ್ಲಿ ಮಾತಾಡಿದ್ದನ್ನು ಅವನು ಕೇಳಿದ್ದು ಅದೇ ಮೊದಲು. “ಶೀ ಸೌಂಡ್ಸ್ ಲೈಕ್ ಎ ಗರ್ಲ್” ಎಂದ ನನ್ನ ಹತ್ತಿರ.

ಮೋಟೆಲು ನೆಲಸಮವಾಯಿತು. ಇಳಿಸುವಾಗ ಬಾಲದ ಎರಡು ಕೊಳವೆಗಳು ಒಡೆದವು. ಓಕ್‌ಲ್ಯಾಂಡಿನ ಕುಶಲಕರ್ಮಿಯೊಬ್ಬ ಗಾಜು ಬಗ್ಗಿಸಿ ಹೊಸದು ಮಾಡಿಕೊಟ್ಟ. ಐದು ಅಂತಸ್ತಿನ ಕಟ್ಟಡ ಎದ್ದಿತು. ಅದರ ಮೂಲೆಯಲ್ಲಿ, ಮೂರನೆಯ ಅಂತಸ್ತಿನ ಎತ್ತರಕ್ಕೆ, ಕಾಮೆಟ್ ಮತ್ತೆ ಓಡತೊಡಗಿತು. ಕಾಕು ಆ ಹೊತ್ತಿಗೆ ಡಬ್ಲಿನ್ ಸೇರಿದ್ದರು. ಮಗ, ಸೊಸೆ ಇಬ್ಬರೂ ಒಳ್ಳೆಯವರು, ಯಾವ ಕೊರತೆಯೂ ಇರಲಿಲ್ಲ. ಆದರೆ ಫೋನಿನಲ್ಲಿ ಅವರ ಮಾತು ಸಣ್ಣಗಾಗುತ್ತಾ ಬಂತು. “ಇಲ್ಲಿ ಸಂಜಿಯಾದ್ರ ಗ್ಯಾರೇಜಿನ ಬಾಗಲಾ ಮುಚ್ಚೂ ಸಪ್ಪಳ ಅಷ್ಟ. ಬ್ಯಾರೆ ಏನಿಲ್ಲ” ಎನ್ನುತ್ತಿದ್ದರು.

ಒಂದು ದಿನ ಹೊಸ ಕಟ್ಟಡದ ಮುಂದೆ ಹೋಗುವಾಗ ಬೋರ್ಡು ಆರಿರುವುದನ್ನು ಕಂಡೆ. ಇನ್ನೂ ಎಂಟು ಗಂಟೆ. ಕಾರು ನಿಲ್ಲಿಸಿ ವಿಚಾರಿಸಿದೆ. ಮ್ಯಾನೇಜರ್ ತಲೆ ಕೆರೆದುಕೊಂಡ. ಮೂಲೆಯ ಮನೆಯೊಳಗೆ ಬೆಳಕು ನೇರ ಬೀಳುತ್ತದಂತೆ. ಹಗಲು ನೋಡಿ ಇಷ್ಟಪಟ್ಟವರು ಸಂಜೆ ಮತ್ತೊಮ್ಮೆ ಬಂದು, ಹಾಲೆಲ್ಲ ಗುಲಾಬಿ ನೀಲಿ ಆಗುವುದನ್ನು ಕಂಡು ಹಿಂದೆ ಸರಿಯುತ್ತಾರಂತೆ. ಮನೆ ತಿಂಗಳುಗಟ್ಟಲೆ ಖಾಲಿ. ಅದಕ್ಕೇ ಬೇಗ ಆರಿಸುತ್ತಿದ್ದೇವೆ, ಮುಂದೆ ಹಬ್ಬದ ದಿನ ಮಾತ್ರ ಹಾಕುವ ಯೋಚನೆಯಿದೆ ಎಂದ.

ಕಾಕುವಿಗೆ ಹೇಳಬೇಕೋ ಬೇಡವೋ ಎಂದು ರಘುವಿನ ಜೊತೆ ಚರ್ಚಿಸಿ, ಕೊನೆಗೆ ಫೋನು ಮಾಡಿದೆ. ಅವರು ಬಯ್ಯಲಿಲ್ಲ, ಮರುಗಲೂ ಇಲ್ಲ. ಒಂದೇ ಪ್ರಶ್ನೆ ಕೇಳಿದರು.

“ಮನಿ ಖಾಲಿ ಐತಿ ಅಂದೇನು?”

ಮರುದಿನ ಮಧ್ಯಾಹ್ನ ಅವರನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಮ್ಯಾನೇಜರ್ ಬಾಗಿಲು ತೆರೆದು ಅಡುಗೆಮನೆ, ಬಾತ್‌ರೂಮು ತೋರಿಸಿ, “ಮ್ಯಾಮ್, ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ, ಸಂಜೆ ಇಲ್ಲಿ ಬೆಳಕು...” ಎಂದು ಶುರು ಮಾಡಿದ. ಕಾಕು ಕೈಯೆತ್ತಿ ತಡೆದು, ಖಾಲಿ ಹಾಲಿನ ಗೋಡೆಗೆ ಒರಗಿ, ನೆಲದ ಮೇಲೆ ಕಾಲು ಚಾಚಿ ಕುಳಿತರು. ಸಂಜೆಯವರೆಗೆ ಏಳಲಿಲ್ಲ. ಸುದ್ದಿ ತಿಳಿದ ಮಗ ಪಾಲೋ ಆಲ್ಟೋದ ಆಫೀಸಿನಿಂದ ಮೀಟಿಂಗು ಬಿಟ್ಟು ಓಡಿ ಬಂದ. ಅವನು ಒಳಗೆ ಕಾಲಿಡುವಾಗ ಕಿಟಕಿಯಾಚೆ ಗುಂಯ್ ಎಂದಿತು. ಗೋಡೆಯ ಮೇಲೆ ಕಿತ್ತಳೆ ಹರಿಯಿತು, ಗುಲಾಬಿ ಹರಿಯಿತು, ನೀಲಿ ಹರಿಯಿತು.

“ಮಮ್ಮೀ, ಇದರಲ್ಲಿ ನಿದ್ದೆ ಹೇಗೆ ಮಾಡ್ತೀಯಾ?” ಎಂದ ಅವನು ಇಂಗ್ಲಿಷಿನಲ್ಲಿ.

ಅವರು ಗುಜರಾತಿಯಲ್ಲಿ ಏನೋ ಹೇಳಿದರು. ಅವನು ಟೈ ಸಡಿಲಿಸಿ, ತಾನೂ ಅವರ ಪಕ್ಕದಲ್ಲಿ ನೆಲದ ಮೇಲೆ ಕುಳಿತ. ಏನು ಹೇಳಿದಿರಿ ಎಂದು ಆಮೇಲೆ ನಾನು ಕೇಳಿದೆ.

“ಕತ್ತಲದಾಗ ನಿದ್ದಿ ಬರೂದಿಲ್ಲಪ್ಪಾ ನನಗ, ನಿಮ್ಮಪ್ಪ ಹೋದ ಮ್ಯಾಲಿಂದ. ಇದರಾಗ ಬರ್ತೈತಿ ಅಂದೆ.”

ಕಾಕು ಆ ಮನೆ ಹಿಡಿದು ಈಗ ವರ್ಷ ದಾಟಿದೆ. ಮ್ಯಾನೇಜರ್ ಹಾಕಿಸಿದ್ದ ದಪ್ಪ ಪರದೆಗಳನ್ನು ಬಿಚ್ಚಿ ಅವನಿಗೇ ವಾಪಸು ಕೊಟ್ಟಿದ್ದಾರೆ. ಬೋರ್ಡು ಮತ್ತೆ ದಿನಾ ತಡರಾತ್ರಿಯವರೆಗೆ ಉರಿಯುತ್ತದೆ. ಶನಿವಾರ ಮಗನ ಸಂಸಾರ ಬರುತ್ತದೆ, ಭಾನುವಾರ ನಾವು. ಮೇಲಿನ, ಕೆಳಗಿನ ಮನೆಗಳ ಮಕ್ಕಳು ಬಾಗಿಲು ತಟ್ಟಿ, “ಕ್ಯಾನ್ ವಿ ಸೀ ದಿ ಲೈಟ್ಸ್?” ಎಂದು ಕೇಳಿ ಒಳಗೆ ಬಂದು, ಗಿರ್ಮಿಟ್ ತಿಂದು ಹೋಗುತ್ತಾರೆ.

ಹೋದ ಭಾನುವಾರ ನಾವಿದ್ದಾಗ ಕೆಳಗಿನ ರಸ್ತೆಯಲ್ಲಿ ಒಂದು ಕಾರು ನಿಂತಿತು. ಎಲ್ಲಿಂದಲೋ ಬಂದ ಹುಡುಗ ಹುಡುಗಿ ಇಳಿದು ಬೋರ್ಡಿನ ಫೋಟೋ ತೆಗೆಯಲು ಫೋನು ಎತ್ತಿದರು. ಕಾಕು ಕುರ್ಚಿ ಹಿಡಿದು ಸರಸರನೆ ಎದ್ದರು. ಮೊಣಕಾಲು ನೋವು ಎಲ್ಲಿ ಹೋಯಿತೋ. ಸೆರಗು ಸರಿಮಾಡಿಕೊಂಡು ಕಿಟಕಿಗೆ ಹೋಗಿ, ಬಾಲದ ಗುಲಾಬಿ ಬೆಳಕಿನಲ್ಲಿ ನಿಂತು, ಕೆಳಗಿನವರಿಗೆ ಎರಡೂ ಕೈ ಬೀಸಿದರು.

“ಜರಾ ತಡೀರಿ,” ಎಂದರು ನಮಗೆ, ತಿರುಗದೆಯೇ. “ಅವರು ಇನ್ನೊಂದು ತಗೀಲಿ. ಮೊದಲಿನದರಾಗ ನಾ ಬಂದಿರಂಗಿಲ್ಲ.”